ಸರ್ವರ್ ಏಳ್ತಿಲ್ಲ, ಅಮ್ಮ ಕಾಯ್ತಿದ್ದಾಳೆ

ಭಾನುವಾರ ಸಂಜೆ ನಾಲ್ಕೂ ಇಪ್ಪತ್ತು. ಮೈಸೂರಿನ ನಮ್ಮ ಮನೆ ಹಾಲಿನಲ್ಲಿ ಜಮಖಾನ ಹಾಸಿಯಾಗಿದೆ. ಪುರಂದರದಾಸರ ಫೋಟೊಗೆ ಸೇವಂತಿಗೆ ಹಾರ ಹಾಕಿಯಾಗಿದೆ. ಅಡುಗೆಮನೆಯಿಂದ ಕಡಲೆಕಾಳು ಉಸಲಿಯ ಒಗ್ಗರಣೆ ಘಮ ಬರ್ತಿದೆ. ಐದು ಗಂಟೆಗೆ ಅಮ್ಮನ ಹಳೇ ಶಿಷ್ಯೆಯರು ಬರ್ತಾರೆ. ನನ್ನ ಮುಂದೆ ಲ್ಯಾಪ್‌ಟಾಪ್ ಇದೆ. ಅದರಿಂದ ಮಾತ್ರ ಸದ್ದೇ ಬರ್ತಿಲ್ಲ.

ಪುಷ್ಯ ಅಮಾವಾಸ್ಯೆಗೆ ದಾಸರ ಆರಾಧನೆ. ನಮ್ಮ ಮನೆಯಲ್ಲಿ ಅದು ಎಲ್ಲರ ರಜೆ ನೋಡಿಕೊಂಡು ಮುಂದಿನ ಭಾನುವಾರಕ್ಕೆ ಜರುಗುತ್ತದೆ. ಪಿಳ್ಳಾರಿ ಗೀತೆಯಿಂದ ಶುರು, ಆಮೇಲೆ ಒಬ್ಬೊಬ್ಬರದು ಒಂದೊಂದು ದೇವರನಾಮ, ಕೊನೆಗೆ ಅಮ್ಮನದು. ಹದಿನೈದು ಇಪ್ಪತ್ತು ವರ್ಷದಿಂದ ಇದೇ ಕ್ರಮ. ಹಿಂದಿನ ಎರಡು ವರ್ಷ ಮಾತ್ರ ಅಮ್ಮ ಹಾಡಲಿಲ್ಲ. ತಾಳ ಹಾಕುತ್ತಾ ಕೂತಿದ್ದಳು, ಅಷ್ಟೆ.

ಥೈರಾಯ್ಡ್ ಆಪರೇಷನ್ ಆದ ಮೇಲೆ ಅವಳ ದನಿ ಇಳಿದಿತ್ತು. ಮಾತಾಡೋಕೆ ಏನೂ ತೊಂದರೆ ಇಲ್ಲ, ಫೋನಿನಲ್ಲಿ ನನ್ನನ್ನು ಬೈಯೋಕೂ ಏನೂ ತೊಂದರೆ ಇಲ್ಲ. ಹಾಡುವಾಗ ಮಾತ್ರ ಮೇಲಿನ ಷಡ್ಜ ಸಿಗುತ್ತಿರಲಿಲ್ಲ. ಜೀವನಪೂರ್ತಿ ಐದು ಮನೆ ಶ್ರುತಿಗೆ ಹಾಡಿದವಳು. ನಾಲ್ಕೂವರೆಗೆ ಇಳಿಸಿ ಹಾಡಮ್ಮ ಅಂತ ನಾನು ಒಮ್ಮೆ ಸುಮ್ಮನೆ ಹೇಳಿದೆ. ಅವಳು ಏನೂ ಹೇಳಲಿಲ್ಲ, ಎದ್ದು ಒಳಗೆ ಹೋದಳು. ಆಮೇಲೆ ಶ್ರುತಿಪೆಟ್ಟಿಗೆ ಅಟ್ಟ ಸೇರಿತು. ಅಜ್ಜಿ ಕಾಲದ ಹಲಸಿನ ಮರದ ತಂಬೂರಿಯ ಬುರುಡೆಯಲ್ಲಿ ಬಿರುಕು ಬಿಟ್ಟಿತ್ತು, ಅದನ್ನು ರಿಪೇರಿ ಮಾಡಿಸುವ ಮಾತೂ ನಿಂತಿತು.

ನನಗೆ ಅರ್ಥ ಆಗೋಕೆ ಒಂದೂವರೆ ವರ್ಷ ಬೇಕಾಯ್ತು. ಅವಳಿಗೆ ಇಳಿಸಿ ಹಾಡೋದು ಕಷ್ಟ ಆಗಿರಲಿಲ್ಲ, ಇಳಿದೆ ಅನ್ನುವ ನಂಬರ್ ನೋಡೋದು ಕಷ್ಟ ಆಗಿತ್ತು.

ತಂಬೂರಿ ಆಪ್ ಇಲ್ವಾ ಅಂತ ನೀವು ಕೇಳ್ತೀರಿ. ಬೇಕಾದಷ್ಟಿವೆ, ಚೆನ್ನಾಗೂ ಇವೆ. ಆದರೆ ನಾನು ನೋಡಿದ ಎಲ್ಲದರಲ್ಲೂ ಎದುರಿಗೇ ದಪ್ಪಕ್ಷರದಲ್ಲಿ ನಂಬರ್ ಇರುತ್ತೆ. ನನಗೆ ಬೇಕಾಗಿದ್ದು ನಂಬರ್ ಇಲ್ಲದ ಒಂದು ಸ್ಲೈಡರ್. ಅಮ್ಮ ಅದನ್ನು ಹಿಂದೆ ಮುಂದೆ ಸರಿಸಬೇಕು, ಗಂಟಲು ಎಲ್ಲಿ ಹೂಂ ಅನ್ನುತ್ತೋ ಅಲ್ಲಿ ನಿಲ್ಲಿಸಬೇಕು. ಐದು ಮನೆ ಅಂದರೆ ಷಡ್ಜ ಸುಮಾರು 196 ಹರ್ಟ್ಸ್, ನಾಲ್ಕೂವರೆ ಅಂದರೆ 185, ನಾಲ್ಕು ಅಂದರೆ ಸುಮಾರು 175. ಇವುಗಳ ಮಧ್ಯೆ ಎಲ್ಲಿ ಬೇಕಾದರೂ ನಿಲ್ಲಬಹುದು, ಗಂಟಲಿಗೇನು ಗೊತ್ತು ಪಿಯಾನೊದ ಮನೆ?

ಹಾಗಾಗಿ ಸೂಪರ್‌ಕೊಲೈಡರ್ ಇಳಿಸಿಕೊಂಡೆ. ಕೋಡ್ ಬರೆದು ಸದ್ದು ಹುಟ್ಟಿಸುವ ತಂತ್ರಾಂಶ ಅದು. ಜೇಮ್ಸ್ ಮೆಕಾರ್ಟ್ನಿ ಅನ್ನುವವರು 1996ರಲ್ಲಿ ಮೊದಲು ಬಿಡುಗಡೆ ಮಾಡಿದ್ದು, 2002ರಲ್ಲಿ ಮುಕ್ತ ತಂತ್ರಾಂಶ ಆಯ್ತು. ಈಗ ಯಾರು ಬೇಕಾದರೂ ಕಾಸಿಲ್ಲದೆ ಬಳಸಬಹುದು. ತಂತಿ ಮೀಟಿದ ಸದ್ದನ್ನು ಬರೀ ಲೆಕ್ಕದಿಂದ ಹುಟ್ಟಿಸುವ ಒಂದು ಸೊಗಸಾದ ಉಪಾಯ ಇದೆ. ಕೆವಿನ್ ಕಾರ್ಪ್ಲಸ್ ಮತ್ತು ಅಲೆಕ್ಸ್ ಸ್ಟ್ರಾಂಗ್ 1983ರಲ್ಲಿ ಪ್ರಕಟಿಸಿದ್ದು. ಒಂದು ಚಿಟಿಕೆಯಷ್ಟು ಗದ್ದಲ ತಗೊಂಡು ಚಿಕ್ಕ ಸುತ್ತಿನಲ್ಲಿ ತಿರುಗಿಸ್ತಾ ಇರೋದು, ಪ್ರತಿ ಸುತ್ತಿಗೂ ಸ್ವಲ್ಪ ಸ್ವಲ್ಪ ಮೆತ್ತಗೆ ಮಾಡೋದು. ಗದ್ದಲ ಹೋಗಿ ತಂತಿಯ ನಾದ ಉಳಿಯುತ್ತೆ. ಅಂಥ ನಾಲ್ಕು ತಂತಿ ಮಾಡಿದೆ, ಪಂಚಮ, ಷಡ್ಜ, ಷಡ್ಜ, ಮಂದ್ರ ಷಡ್ಜ. ಆರು ಶನಿವಾರ ಹಿಡೀತು. ಅಜ್ಜಿಯ ತಂಬೂರಿ ಅಂತೂ ಅಲ್ಲ, ಆದರೆ ಕಣ್ಣು ಮುಚ್ಚಿಕೊಂಡರೆ ಪಕ್ಕದ ಕೋಣೆಯಲ್ಲಿ ಯಾರೋ ಮೀಟ್ತಿದ್ದಾರೆ ಅನಿಸುವಷ್ಟು ಬಂತು.

ಶನಿವಾರ ರಾತ್ರಿ ಬೆಂಗಳೂರಿನಲ್ಲಿ ಎಲ್ಲ ಸರಿಯಾಗಿ ನುಡಿಸಿ ನೋಡಿದೆ. ಖುಷಿಯಲ್ಲಿ ಪ್ರೋಗ್ರಾಮ್ ಮುಚ್ಚದೆ ಲ್ಯಾಪ್‌ಟಾಪಿನ ಮುಚ್ಚಳ ಮಾತ್ರ ಮುಚ್ಚಿ ಮಲಗಿದೆ. ಬೆಳಿಗ್ಗೆ ಮೈಸೂರಿನ ರೈಲಿನಲ್ಲಿ ಆಫೀಸಿನಿಂದ ಒಂದು ತುರ್ತು ಕಾಲ್ ಬಂತು. ಲ್ಯಾಪ್‌ಟಾಪ್ ತೆಗೆದು, ಕುತ್ತಿಗೆಗೆ ಹಾಕಿಕೊಳ್ಳುವ ಬ್ಲೂಟೂತ್ ಇಯರ್‌ಫೋನ್ ಜೋಡಿಸಿ ಮಾತಾಡಿದೆ. ಮಂಡ್ಯ ಬರುವ ಹೊತ್ತಿಗೆ ಕಾಲ್ ಮುಗೀತು. ಇಯರ್‌ಫೋನನ್ನು ಸುತ್ತಿ ಬ್ಯಾಗಿನೊಳಗೆ ತುರುಕಿದೆ. ಈ ಸಾಲನ್ನು ನೆನಪಿಟ್ಟುಕೊಳ್ಳಿ, ನಾನಂತೂ ಮರೆತೇಬಿಟ್ಟಿದ್ದೆ.

ಈಗ ಮತ್ತೆ ನಾಲ್ಕೂ ಇಪ್ಪತ್ತಕ್ಕೆ ಬನ್ನಿ.

ಮುಚ್ಚಳ ತೆಗೆದು ಪ್ಲೇ ಒತ್ತಿದೆ. ಏನೂ ಇಲ್ಲ. ಮತ್ತೆ ಒತ್ತಿದೆ. ಪರದೆ ಹಾಗೇ ಗಟ್ಟಿ ನಿಂತುಬಿಟ್ಟಿತು. ಬಲವಂತವಾಗಿ ಮುಚ್ಚಿದೆ. ಮತ್ತೆ ತೆರೆದು ಸರ್ವರ್ ಎಬ್ಬಿಸಲು ನೋಡಿದೆ. ಕೆಂಪಗೆ ನಾಲ್ಕು ಸಾಲು ಬಂತು. ಓದಲಿಲ್ಲ. ಸೆಟ್ಟಿಂಗ್ಸಿಗೆ ಹೋಗಿ ಸ್ಯಾಂಪಲ್ ರೇಟ್ ಬದಲಾಯಿಸಿದೆ. ಅದರ ಜೊತೆಗೇ ನನ್ನ ಕೋಡಿನಲ್ಲಿ ಎರಡು ಸಾಲು ಅಳಿಸಿದೆ. ಅದರ ಜೊತೆಗೇ ಹೊಸ ಆವೃತ್ತಿ ಇದೆಯಾ ಅಂತ ಡೌನ್‌ಲೋಡಿಗೆ ಹಾಕಿದೆ. ಮೊಬೈಲ್ ಹಾಟ್‌ಸ್ಪಾಟ್ ಬೇರೆ ಸುತ್ತುತ್ತಾ ಕೂತಿತು.

ಹೇಳೋಕೆ ನಾಚಿಕೆ ಆಗುತ್ತೆ, ನನ್ನ ಉದ್ಯೋಗ ಸಾಫ್ಟ್‌ವೇರ್ ಟೆಸ್ಟಿಂಗು. ದಿನಾ ಬೇರೆಯವರ ತಪ್ಪು ಹುಡುಕಿ ಸಂಬಳ ಎಣಿಸೋಳು ನಾನು.

ಅಪ್ಪ ಪೇಪರಿನ ಹಿಂದಿನಿಂದ, “ಹಳೇ ಟಿವಿಗೆ ಕೊಡ್ತಿದ್ವಲ್ಲ, ಹಾಗೆ ಒಂದೇಟು ಕೊಡು” ಅಂದರು.

ಅಮ್ಮ ಹೂ ಕಟ್ಟುವುದು ನಿಲ್ಲಿಸಿ ನನ್ನನ್ನೇ ನೋಡ್ತಿದ್ದಳು. “ಪುಟ್ಟಿ, ಆಗದಿದ್ರೆ ಬಿಡು. ಹೋದ ಸಲದ ಹಾಗೆ ತಾಳ ಹಾಕ್ತೀನಿ” ಅಂದಳು. ಆ ಮಾತಿನಲ್ಲಿ ಸ್ವಲ್ಪ ನಿರಾಳವೂ ಇತ್ತು, ಅದೇ ನನಗೆ ಭಯ ಹುಟ್ಟಿಸಿದ್ದು. ಇವತ್ತು ತಪ್ಪಿಸಿಕೊಂಡರೆ ಅವಳು ಇನ್ನು ಹಾಡೋದಿಲ್ಲ ಅಂತ ನನಗೆ ಗೊತ್ತಿತ್ತು.

“ಹತ್ತು ನಿಮಿಷ ಇರಮ್ಮ” ಅಂದೆ. ಕೈ ನಡುಗ್ತಿತ್ತು.

ಅವಳು ಬಂದು ಪಕ್ಕದಲ್ಲಿ ಕೂತಳು. “ನೀನು ಹೀಗೆ ಎಲ್ಲ ಬಿರಡೆ ಒಟ್ಟಿಗೆ ತಿರುಗಿಸಿದ್ರೆ ತಂಬೂರಿ ಯಾವತ್ತಾದ್ರೂ ಸೇರುತ್ತೇನೇ? ಮಧ್ಯದ ತಂತಿ ಒಂದನ್ನ ಹಿಡಿ. ಅದು ಸರಿ ಅಂತ ಗಟ್ಟಿಯಾದ ಮೇಲೆ ಅದರ ಜೊತೆಗೆ ಇನ್ನೊಂದು. ಆಮೇಲೆ ಪಂಚಮ. ಎರಡು ಬಿರಡೆ ಒಟ್ಟಿಗೆ ಮುಟ್ಟಬಾರದು. ಮುಟ್ಟಿದ್ರೆ ಯಾವುದು ತಪ್ಪಿದ್ದು ಅಂತ ದೇವರಿಗೂ ಗೊತ್ತಾಗಲ್ಲ.”

ಇದೇ ಪಾಠವನ್ನು ಆಫೀಸಿನಲ್ಲಿ ದೊಡ್ಡ ಸಂಬಳದವರು ಸ್ಲೈಡ್ ಹಾಕಿ ಹೇಳ್ತಾರೆ. ಡೌನ್‌ಲೋಡ್ ನಿಲ್ಲಿಸಿದೆ. ಅಳಿಸಿದ ಸಾಲು ವಾಪಸ್ ಹಾಕಿದೆ. ಸ್ಯಾಂಪಲ್ ರೇಟ್ ಮೊದಲಿದ್ದ ಹಾಗೆ ಇಟ್ಟೆ. ಆಮೇಲೆ ಕೆಂಪು ಸಾಲುಗಳನ್ನು ಓದಿದೆ.

ಇಲ್ಲಿ ಒಂದು ವಿಷಯ ಹೇಳಿಬಿಡ್ತೀನಿ, ಇದು ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಸೂಪರ್‌ಕೊಲೈಡರ್ ಅನ್ನೋದು ಒಬ್ಬರಲ್ಲ, ಇಬ್ಬರು. ನಾವು ಬರೆದ ಕೋಡನ್ನು ಓದುವುದು ಒಂದು ಪ್ರೋಗ್ರಾಮ್. ನಿಜವಾಗಿ ಸದ್ದು ಮಾಡುವುದು ಇನ್ನೊಂದು. ಅದಕ್ಕೆ ಸರ್ವರ್ ಅಂತ ಹೆಸರು. ಹೆಸರು ಕೇಳಿ ಎಲ್ಲೋ ದೂರದ ಕಂಪ್ಯೂಟರ್ ಅಂದುಕೊಳ್ಳಬೇಡಿ, ಅದೂ ನಿಮ್ಮ ಲ್ಯಾಪ್‌ಟಾಪಿನಲ್ಲೇ ಓಡ್ತಿರುತ್ತೆ. ಇಬ್ಬರೂ ಒಂದು ನಂಬರಿನ ಬಾಗಿಲ ಮೂಲಕ ಮಾತಾಡ್ತಾರೆ. ಸರ್ವರ್ ಸಾಮಾನ್ಯವಾಗಿ ಕೂರುವ ಬಾಗಿಲು 57110. ಹಾಡು ಬರೆಯುವವರು ಒಬ್ಬರು, ಹಾಡುವವರು ಇನ್ನೊಬ್ಬರು ಇದ್ದ ಹಾಗೆ. ಬರೆಯುವವರು ಎಷ್ಟೇ ಚೆನ್ನಾಗಿ ಬರೆದರೂ ಹಾಡುವವರು ಎದ್ದಿರದಿದ್ದರೆ ಸಭೆ ಮೌನ.

ಹಾಗಾಗಿ ‘ಸದ್ದಿಲ್ಲ’ ಅನ್ನೋದು ಒಂದೇ ರೋಗ ಅಲ್ಲ. ಸರ್ವರ್ ಎದ್ದಿಲ್ಲದ ಮೌನ ಬೇರೆ, ಎದ್ದು ಹಾಡ್ತಿದ್ದರೂ ನಮಗೆ ಕೇಳದ ಮೌನ ಬೇರೆ. ಎರಡಕ್ಕೂ ಮದ್ದು ಬೇರೆ ಬೇರೆ. ನನ್ನ ಅವಸರದಲ್ಲಿ ನಾನು ಇವೆರಡನ್ನೂ ಕಲಸಿ ಹಾಕಿದ್ದೆ.

ಕೆಂಪು ಸಾಲು ಹೇಳ್ತಿದ್ದದ್ದು ಇಷ್ಟೇ: ಆ ಬಾಗಿಲಿನಲ್ಲಿ ಕೂರಲು ಆಗ್ತಿಲ್ಲ, ಅಲ್ಲಿ ಆಗಲೇ ಯಾರೋ ಇದ್ದಾರೆ. ಯಾರು? ನಿನ್ನೆ ರಾತ್ರಿಯ ಸರ್ವರೇ. ಮುಚ್ಚಳ ಮುಚ್ಚಿ ಮಲಗಿಸಿದ್ದೆನಲ್ಲ, ಎದ್ದಾಗ ಅದಕ್ಕೆ ತಲೆ ಕೆಟ್ಟಿತ್ತು. ನಾನು ಬಲವಂತವಾಗಿ ಮುಚ್ಚಿದ್ದು ಬರೆಯುವವರನ್ನು ಮಾತ್ರ. ಹಾಡುವವರು ಬಾಯಿ ಮುಚ್ಚಿಕೊಂಡು ಜಾಗ ಹಿಡಿದು ಅಲ್ಲೇ ಕೂತಿದ್ದರು. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದು ಇಳಿದುಹೋದವರ ಹಾಗೆ.

ಮೇಲಿನ ಮೆನುವಿನಲ್ಲಿ ಸರ್ವರ್ ಅನ್ನುವಲ್ಲಿ ‘ಕಿಲ್ ಆಲ್ ಸರ್ವರ್ಸ್’ ಅಂತ ಒಂದಿದೆ. ಹೆಸರು ಭಯಾನಕ, ಕೆಲಸ ಸಾಧು. ಉಳಿದುಹೋದ ಹಳೇ ಸರ್ವರುಗಳನ್ನೆಲ್ಲ ಎಬ್ಬಿಸಿ ಕಳಿಸುತ್ತೆ. ಅದನ್ನು ಒತ್ತಿದೆ. ಮತ್ತೆ ಬೂಟ್ ಮಾಡಿದೆ.

ಮತ್ತೆ ಕೆಂಪು. ಆದರೆ ಬೇರೆ ಕೆಂಪು.

“ಒಂದು ತಂತಿ ಸೇರ್ತು, ಇನ್ನೊಂದು ಸೇರ್ಲಿಲ್ಲ” ಅಂದೆ. ಅಮ್ಮ ತಲೆಯಾಡಿಸಿದಳು. ದೂರು ಬದಲಾದರೆ ನಾವು ಮುಂದಕ್ಕೆ ಹೋಗಿದ್ದೇವೆ ಅಂತ ಅರ್ಥ. ಇದನ್ನು ಅವಸರದಲ್ಲಿ ಇರುವವರು ಕಾಣೋದಿಲ್ಲ, ಎರಡೂ ಕೆಂಪಗೇ ಇರುತ್ತಲ್ಲ.

ಈ ಸಲದ ದೂರು: ಒಳಗೆ ಬರುವ ಸದ್ದಿನ ಸ್ಯಾಂಪಲ್ ರೇಟ್ 16,000, ಹೊರಗೆ ಹೋಗುವುದರದು 44,100, ಎರಡೂ ಹೊಂದುತ್ತಿಲ್ಲ.

ಸ್ಯಾಂಪಲ್ ರೇಟ್ ಅಂದರೆ ಕಂಪ್ಯೂಟರ್ ಒಂದು ಸೆಕೆಂಡಿಗೆ ಸದ್ದನ್ನು ಎಷ್ಟು ಸಲ ಅಳೆಯುತ್ತೆ ಅನ್ನೋದು. ಸಿಡಿಯ ಕಾಲದಿಂದ ಸಂಗೀತಕ್ಕೆ 44,100 ರೂಢಿ, ವಿಡಿಯೊದವರಿಗೆ 48,000. ನನ್ನ ಮ್ಯಾಕ್‌ನಲ್ಲಿ ಸೂಪರ್‌ಕೊಲೈಡರ್ ಎದ್ದೇಳುವಾಗ ಸ್ಪೀಕರ್ ಬಾಗಿಲಿನ ಜೊತೆ ಮೈಕ್ ಬಾಗಿಲನ್ನೂ ತೆರೆಯುತ್ತೆ, ನಮಗೆ ಮೈಕ್ ಬೇಕೋ ಬೇಡವೋ ಕೇಳೋದಿಲ್ಲ. ಎರಡೂ ಒಂದೇ ವೇಗದಲ್ಲಿ ಇರಬೇಕು ಅನ್ನೋದು ಅದರ ಹಟ. ಇಲ್ಲದಿದ್ದರೆ ಏಳೋದೇ ಇಲ್ಲ.

“ಶ್ರುತಿ ಬೇರೆ ಬೇರೆ ಇರೋ ಇಬ್ಬರನ್ನ ಒಟ್ಟಿಗೆ ಕೂರಿಸಿದ ಹಾಗೆ” ಅಂದಳು ಅಮ್ಮ. ಹೌದು, ಅಷ್ಟೇ.

ಆದರೆ 16,000 ಎಲ್ಲಿಂದ ಬಂತು? ಲ್ಯಾಪ್‌ಟಾಪಿನ ಸ್ವಂತ ಮೈಕ್ ಅಷ್ಟು ಕೆಳಗೆ ಇರೋದಿಲ್ಲ. ಆಗಲೂ ನನಗೆ ಹೊಳೆಯಲಿಲ್ಲ ನೋಡಿ. ಗಡಿಯಾರ ನಾಲ್ಕೂ ನಲವತ್ತು ತೋರಿಸ್ತಿತ್ತು. ನಮಗೆ ಮೈಕ್ ಬೇಡವೇ ಬೇಡ, ಹಾಡೋದು ಅಮ್ಮ, ಕಂಪ್ಯೂಟರ್ ಕೇಳಿಸಿಕೊಳ್ಳಬೇಕಾದ್ದು ಏನೂ ಇಲ್ಲ. ಸರ್ವರಿನ ಆಯ್ಕೆಗಳಲ್ಲಿ ಒಳಬರುವ ಚಾನೆಲ್ಲುಗಳ ಸಂಖ್ಯೆ ಅಂತ ಒಂದಿದೆ, ‘ನಮ್ ಇನ್‌ಪುಟ್ ಬಸ್ ಚಾನೆಲ್ಸ್’ ಅಂತ ಅದರ ಹೆಸರು. ಅದಕ್ಕೆ ಸೊನ್ನೆ ಕೊಟ್ಟೆ. ಬೂಟ್ ಒತ್ತಿದೆ.

ಕಿಟಕಿಯ ಕೆಳಗೆ ಬಲಮೂಲೆಯಲ್ಲಿ ಸರ್ವರಿನ ಅಂಕಿಗಳು ಹಸಿರಾದವು. ಎದ್ದಿತು!

ಪ್ಲೇ ಒತ್ತಿದೆ. ಸದ್ದಿಲ್ಲ.

ಅಳು ಬಂತು ಅಂದರೆ ನಗಬೇಡಿ. ಹಸಿರಾಗಿದೆ, ಕೆಂಪು ಇಲ್ಲ, ದೂರಿಲ್ಲ, ಆದರೂ ಮೌನ. ಮೀಟರ್ ತೆರೆದೆ. ಹೊರಹೋಗುವ ಎರಡೂ ಪಟ್ಟಿಗಳು ನಾಲ್ಕು ತಂತಿಯ ಲಯಕ್ಕೆ ಸರಿಯಾಗಿ ಏರುತ್ತಾ ಇಳಿಯುತ್ತಾ ಕುಣೀತಿದ್ದವು. ಅಂದರೆ ಸರ್ವರ್ ಹಾಡ್ತಿದೆ, ನಮಗೆ ಕೇಳ್ತಿಲ್ಲ.

ಆಗ ಅಮ್ಮ ಕೈ ಎತ್ತಿ, “ಸುಮ್ನಿರು ಸುಮ್ನಿರು” ಅಂದಳು. ಅಪ್ಪನಿಗೆ ಪೇಪರ್ ಮಡಚಬೇಡಿ ಅಂತ ಸನ್ನೆ ಮಾಡಿದಳು. ತಲೆ ಓರೆ ಮಾಡಿ ಕೇಳಿಸಿಕೊಂಡಳು.

“ಎಲ್ಲೋ ಶ್ರುತಿ ಬರ್ತಿದೆ.”

ಮೂಲೆಯಲ್ಲಿ, ಚಪ್ಪಲಿ ಸ್ಟ್ಯಾಂಡಿನ ಪಕ್ಕ ಬಿಸಾಡಿದ್ದ ನನ್ನ ಬ್ಯಾಗಿನೊಳಗಿಂದ, ಸೊಳ್ಳೆಯ ಹಾಡಿನಷ್ಟು ಸಣ್ಣಗೆ, ಪ ಸ ಸ ಸ.

ಇಯರ್‌ಫೋನ್! ಮಂಡ್ಯದಲ್ಲಿ ಸುತ್ತಿ ಒಳಗೆ ಹಾಕಿದ್ದೆ, ಆಫ್ ಮಾಡಿರಲಿಲ್ಲ. ಮುಚ್ಚಳ ತೆಗೆದ ಕೂಡಲೇ ಅದು ನಿಷ್ಠೆಯಿಂದ ಲ್ಯಾಪ್‌ಟಾಪಿಗೆ ಜೋಡಿಕೊಂಡಿತ್ತು. ಮೈಕೂ ನಾನೇ, ಸ್ಪೀಕರೂ ನಾನೇ ಅಂದಿತ್ತು. ಆ 16,000 ಬಂದದ್ದು ಅದರ ಮೈಕಿನಿಂದ. ಬ್ಲೂಟೂತ್ ಇಯರ್‌ಫೋನಿಗೆ ಎರಡು ಮುಖ ಇರುತ್ತೆ. ಬರೀ ಹಾಡು ಕೇಳುವಾಗ ಒಳ್ಳೆಯ ಗುಣಮಟ್ಟ. ಮೈಕ್ ತೆರೆದ ಕೂಡಲೇ ಫೋನ್ ಮಾತಿನ ಮುಖ ಹೊರಗೆ ಬರುತ್ತೆ, ಸಾಮಾನ್ಯವಾಗಿ 8,000 ಅಥವಾ 16,000ಕ್ಕೆ ಇಳಿಯುತ್ತೆ. ಹಾಡು ಕೇಳ್ತಿರುವಾಗ ಮೀಟಿಂಗ್ ಶುರುವಾದರೆ ಹಾಡು ಹಳೇ ಟೆಲಿಫೋನಿನ ಒಳಗೆ ಬಿದ್ದ ಹಾಗೆ ಆಗುತ್ತಲ್ಲ, ಅದಕ್ಕೂ ಇದೇ ಕಾರಣ. ನೆಟ್‌ವರ್ಕನ್ನು ಬೈಯುವ ಮೊದಲು ಒಮ್ಮೆ ಲ್ಯಾಪ್‌ಟಾಪಿನ ಸ್ವಂತ ಮೈಕಿಗೆ ಬದಲಾಯಿಸಿ ನೋಡಿ.

ಇನ್ನು ಕೊನೆಯ ತಂತಿ. ಸರ್ವರ್ ಎದ್ದಾಗ ಯಾವ ಸ್ಪೀಕರ್ ಹಿಡಿದಿತ್ತೋ ಅದನ್ನೇ ಹಿಡಿದಿರುತ್ತೆ, ಮಧ್ಯದಲ್ಲಿ ನಾವು ಬದಲಾಯಿಸಿದರೆ ಹಿಂದೆ ಬರೋದಿಲ್ಲ. ಆದ್ದರಿಂದ ಮೊದಲು ಸರ್ವರ್ ನಿಲ್ಲಿಸಿದೆ. ಇಯರ್‌ಫೋನ್ ಆಫ್ ಮಾಡಿದೆ. ಮತ್ತೆ ಬೂಟ್ ಮಾಡಿದೆ. ಹಸಿರು. ಪ್ಲೇ.

ಹಾಲು ತುಂಬಿತು.

ಅಮ್ಮ ಏನೂ ಮಾತಾಡಲಿಲ್ಲ. ಸ್ಲೈಡರನ್ನು ಒಂದು ಬೆರಳಿನಿಂದ ಹಿಡಿದಳು, ಅಭ್ಯಾಸ ಇಲ್ಲದ ಕೈ, ಬಿಸಿ ಪಾತ್ರೆ ಮುಟ್ಟುವ ಹಾಗೆ. ಮೇಲಕ್ಕೆ ಸರಿಸಿದಳು. ಮೆಲ್ಲಗೆ ‘ಸಾ’ ಅಂದಳು, ಮೇಲಿನ ಷಡ್ಜಕ್ಕೆ ಹೋಗಲು ನೋಡಿದಳು, ಅರ್ಧಕ್ಕೇ ನಿಂತಳು. ಕೆಳಗೆ ಸರಿಸಿದಳು. ಮತ್ತೆ ಸಾ. ಇನ್ನೂ ಒಂದು ಕೂದಲಿನಷ್ಟು ಕೆಳಗೆ. ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯ್ತು, “ಮಿಸ್, ನಾವು ಬಂದ್ವಿ” ಅಂತ ಯಾರೋ ಕೂಗಿದರು. ಅವಳಿಗೆ ಕೇಳಿಸಲೇ ಇಲ್ಲ. ಒಂದು ಕಡೆ ಸ್ಲೈಡರ್ ನಿಂತಿತು. ಸಾ ಅಂದಳು, ಪಾ ಅಂದಳು, ಮೇಲಿನ ಸಾ ಮುಟ್ಟಿದಳು. ಒರಟಾಗಿತ್ತು, ಅಂಚು ಸವೆದಿತ್ತು, ಆದರೆ ಮುಟ್ಟಿದಳು.

ಆಮೇಲೆ ನನ್ನ ಕಡೆ ತಿರುಗಿ, “ಇದು ಎಷ್ಟು ಮನೆ?” ಅಂದಳು.

“ಗೊತ್ತಿಲ್ಲಮ್ಮ. ನಂಬರ್ ಹಾಕಿಲ್ಲ.”

ಒಂದು ಗಳಿಗೆ ನನ್ನ ಮುಖ ನೋಡಿದಳು. ಅವಳಿಗೆ ಎಲ್ಲ ಅರ್ಥ ಆಯ್ತು ಅಂತ ನನಗೂ ಅರ್ಥ ಆಯ್ತು. “ಒಳ್ಳೇದಾಯ್ತು ಬಿಡು” ಅಂದಳು.

ಆ ಸಂಜೆ ಅವಳು ಎರಡು ದೇವರನಾಮ ಹಾಡಿದಳು. ಮೂರನೆಯದಕ್ಕೆ ಗಂಟಲು ಸೋತಿತು, ಶಿಷ್ಯೆಯರು ಎತ್ತಿಕೊಂಡರು. ಅಪ್ಪ ಪೇಪರನ್ನು ಪೂರ್ತಿ ಮಡಚಿ ಪಕ್ಕಕ್ಕೆ ಇಟ್ಟಿದ್ದರು.

ವಾಪಸ್ ಬರುವಾಗ ನನ್ನ ಹಳೇ ಲ್ಯಾಪ್‌ಟಾಪನ್ನು ಅವಳಿಗೇ ಕೊಟ್ಟು, ತಂಬೂರಿಯನ್ನು ಅದರಲ್ಲಿ ಹಾಕಿ ಬಂದೆ. ಜೊತೆಗೆ ಒಂದು ಚೀಟಿ ಬರೆದು ಬೀರುವಿಗೆ ಅಂಟಿಸಿದೆ. ಸೂಪರ್‌ಕೊಲೈಡರ್ ಬಳಸುವವರಿಗೂ, ಅದರಂಥ ಬೇರೆ ತಂತ್ರಾಂಶ ಬಳಸುವವರಿಗೂ ಉಪಯೋಗ ಆಗಬಹುದು ಅಂತ ಆ ಚೀಟಿಯನ್ನು ಸ್ವಲ್ಪ ಬಿಡಿಸಿ ಇಲ್ಲಿ ಕೊಡ್ತಿದ್ದೀನಿ. ಮೇಲಿನಿಂದ ಕೆಳಗೆ ಇದೇ ಕ್ರಮದಲ್ಲಿ ನೋಡಿ, ಒಂದು ಸಲಕ್ಕೆ ಒಂದೇ ಬದಲಾವಣೆ.

1. ಸರ್ವರ್ ಎದ್ದಿದೆಯಾ? ಕೆಳಗಿನ ಬಲಮೂಲೆ ಹಸಿರಾಗಿದೆಯಾ ನೋಡಿ. ಇಲ್ಲದಿದ್ದರೆ ಬೂಟ್ ಮಾಡಿ. ಮ್ಯಾಕ್‌ನಲ್ಲಿ ಕಮಾಂಡ್ ಜೊತೆ ಬಿ, ಉಳಿದವರಿಗೆ ಕಂಟ್ರೋಲ್ ಜೊತೆ ಬಿ. ಎಷ್ಟೋ ಸಲ ಕಥೆ ಇಲ್ಲಿಗೇ ಮುಗಿಯುತ್ತೆ.

2. ಹಳೇ ಸರ್ವರ್ ಜಾಗ ಹಿಡಿದು ಕೂತಿದೆಯಾ? ಬಾಗಿಲು ಸಿಗ್ತಿಲ್ಲ ಅನ್ನುವ ದೂರು ಬಂದರೆ ‘ಕಿಲ್ ಆಲ್ ಸರ್ವರ್ಸ್’ ಒತ್ತಿ, ಮತ್ತೆ ಬೂಟ್ ಮಾಡಿ.

3. ಒಳಗೂ ಹೊರಗೂ ಒಂದೇ ಸ್ಯಾಂಪಲ್ ರೇಟಾ? ಮೊದಲು ಬ್ಲೂಟೂತ್ ಆಫ್ ಮಾಡಿ. ಮ್ಯಾಕ್‌ನಲ್ಲಿ ‘ಆಡಿಯೊ ಮಿಡಿ ಸೆಟಪ್’ ತೆರೆದು ಮೈಕಿಗೂ ಸ್ಪೀಕರಿಗೂ ಒಂದೇ ಸಂಖ್ಯೆ ಕೊಡಿ. ಮೈಕ್ ಬೇಡವೇ ಬೇಡ ಅಂದರೆ ಒಳಬರುವ ಚಾನೆಲ್ ಸೊನ್ನೆ ಮಾಡಿ. ಫೈಲ್ ಮೆನುವಿನಿಂದ ಸ್ಟಾರ್ಟಪ್ ಫೈಲ್ ತೆರೆದು ಆ ಸಾಲನ್ನು ಅಲ್ಲಿ ಬರೆದಿಟ್ಟರೆ ಪ್ರತಿ ಸಲ ಬರೆಯುವ ತಾಪತ್ರಯ ಇಲ್ಲ. ಮೈಕ್ ಬೇಕು ಅನ್ನುವವರು ಅದಕ್ಕೆ ಸಿಸ್ಟಂ ಅನುಮತಿ ಕೊಟ್ಟಿದೆಯಾ ನೋಡಿಕೊಳ್ಳಿ.

4. ಮೀಟರ್ ಕುಣೀತಿದೆಯಾ? ನಿಮ್ಮ ದೊಡ್ಡ ಕೋಡನ್ನು ಪಕ್ಕಕ್ಕಿಡಿ. 440 ಹರ್ಟ್ಸಿನ ಒಂದೇ ಒಂದು ಸರಳ ಸ್ವರ ನುಡಿಸಿ, ವಾಲ್ಯೂಮ್ ಕಡಿಮೆ ಇರಲಿ, ಹೆಡ್‌ಫೋನ್ ಕಿವಿಯಿಂದ ತೆಗೆದಿರಲಿ. ಸದ್ದು ಬಂದರೆ ಸಿಸ್ಟಂ ಸರಿಯಿದೆ, ತಪ್ಪು ನಿಮ್ಮ ಕೋಡಿನಲ್ಲಿ. ಮೀಟರೇ ಏಳದಿದ್ದರೆ ಸದ್ದು ಇನ್ನೂ ಹುಟ್ಟಿಲ್ಲ ಅಂತ ಅರ್ಥ, ಮತ್ತೆ ಒಂದರಿಂದ ನೋಡಿ.

5. ಮೀಟರ್ ಕುಣಿದರೂ ಕೇಳ್ತಿಲ್ವಾ? ಹಾಗಿದ್ದರೆ ಸದ್ದು ಬೇರೆ ಬಾಗಿಲಿಂದ ಹೋಗ್ತಿದೆ. ಟಿವಿಗೆ ಹಾಕಿದ ಕೇಬಲ್, ಮಾನಿಟರಿನ ಸ್ಪೀಕರ್, ಬ್ಯಾಗಿನಲ್ಲಿರುವ ಇಯರ್‌ಫೋನ್, ಎಲ್ಲ ನೋಡಿ. ಸರಿಯಾದದ್ದನ್ನು ಆರಿಸಿದ ಮೇಲೆ ಸರ್ವರನ್ನು ನಿಲ್ಲಿಸಿ ಮತ್ತೆ ಎಬ್ಬಿಸಲೇಬೇಕು.

ವಿಂಡೋಸಿನವರಿಗೆ ಒಂದು ಮಾತು. ಅಲ್ಲಿ ಒಂದೇ ಸ್ಪೀಕರ್ ಎಂಎಂಇ, ವಾಸಪಿ, ಆಸಿಯೊ ಅಂತ ಬೇರೆ ಬೇರೆ ದಾರಿಗಳ ಹೆಸರಿನಲ್ಲಿ ಎರಡು ಮೂರು ಸಲ ಕಾಣಿಸಬಹುದು. ಮೈಕಿಗೂ ಸ್ಪೀಕರಿಗೂ ಒಂದೇ ದಾರಿಯದನ್ನು ಆರಿಸಿ. ಲಿನಕ್ಸಿನವರು ಜ್ಯಾಕ್ ಅನ್ನುವ ಆಡಿಯೊ ವ್ಯವಸ್ಥೆ ಓಡ್ತಿದೆಯಾ ಅಂತ ಮೊದಲು ನೋಡಿ.

ಮಕ್ಕಳಿಗೆ ಕೋಡಿಂಗ್ ಕಲಿಸೋಕೆ ಸೋನಿಕ್ ಪೈ ಹಾಕಿಕೊಟ್ಟಿರುವ ಅಪ್ಪ ಅಮ್ಮಂದಿರೂ ಇರ್ತೀರಿ. ಸ್ಯಾಮ್ ಏರನ್ 2012ರಲ್ಲಿ ಶುರು ಮಾಡಿದ ಆ ತಂತ್ರಾಂಶದ ಹೊಟ್ಟೆಯೊಳಗೆ ಇರುವುದೂ ಇದೇ ಸೂಪರ್‌ಕೊಲೈಡರ್ ಸರ್ವರ್. ತೆರೆಯುವಾಗಲೇ ತಕರಾರು ಮಾಡಿದರೆ ಹೆಡ್‌ಸೆಟ್ ಕಿತ್ತು, ಬ್ಲೂಟೂತ್ ಆಫ್ ಮಾಡಿ, ಮತ್ತೆ ತೆರೆದು ನೋಡಿ. ಪ್ಯೂರ್ ಡೇಟಾ ಬಳಸುವವರು ಬೇರೇನೂ ಹುಡುಕುವ ಮೊದಲು ಡಿಎಸ್‌ಪಿ ಅನ್ನುವ ಗುರುತು ಹಾಕಿದ್ದೀರಾ ಅಂತ ನೋಡಿ. ಅದಿಲ್ಲದೆ ಅದು ಬಾಯಿ ಬಿಡೋದಿಲ್ಲ.

ಹೋದ ಮಂಗಳವಾರ ಬೆಳಿಗ್ಗೆ ಆರೂವರೆಗೆ ಅಮ್ಮನ ಫೋನ್ ಬಂತು. ಎದೆ ಧಸಕ್ ಅಂತು, ಅಷ್ಟು ಹೊತ್ತಿಗೆ ಅವಳು ಮಾಡೋದಿಲ್ಲ.

“ಸದ್ದು ಬರ್ಲಿಲ್ಲ ಕಣೇ” ಅಂದಳು.

ನಾನು ಹಾಸಿಗೆಯಲ್ಲೇ ಎದ್ದು ಕೂತೆ. “ಮೂಲೆ ಹಸಿರಾಗಿದೆಯಾ ನೋಡು, ಆಮೇಲೆ...”

“ಅಯ್ಯೋ, ಎಲ್ಲ ನೋಡಿದೆ. ಒಂದನೇದು ನೋಡಿದೆ, ಎರಡನೇದು ನೋಡಿದೆ. ಐದನೇದ್ರಲ್ಲಿ ಸಿಕ್ತು. ನಿನ್ನಪ್ಪ ರಾತ್ರಿ ಕ್ರಿಕೆಟ್ ನೋಡೋಕೆ ಟಿವಿಗೆ ವೈರ್ ಹಾಕಿದ್ರು.”

ಹಿಂದೆ ನಾಲ್ಕು ತಂತಿ ಕೇಳ್ತಿದ್ದವು. ಸ್ಲೈಡರ್ ಎಲ್ಲಿ ನಿಂತಿದೆ ಅಂತ ನಾನು ಕೇಳಲಿಲ್ಲ.

“ಮತ್ತೆ ಫೋನ್ ಯಾಕೆ ಮಾಡಿದೆ?”

“ಯಾಕೆ, ಮಾಡಬಾರದಾ? ಕೇಳಿಸ್ಕೋ” ಅಂತ ಫೋನನ್ನು ಲ್ಯಾಪ್‌ಟಾಪಿನ ಪಕ್ಕ ಇಟ್ಟಳು.